ಕೇಣಿಗೆ ಹೋದ ಮಶೀನು

ಇಲ್ಲಿ ನನ್ನ ದುಡ್ಡು ಮುಟ್ಟಲು ನನಗೇ ಒಂದು ಮಶೀನಿನ ಅಪ್ಪಣೆ ಬೇಕು. ಅಂಗೈಯಷ್ಟು ದೊಡ್ಡದು, ನೋಡಲು ಕ್ಯಾಲ್ಕ್ಯುಲೇಟರ್. ಬ್ಯಾಂಕಿನ ಕಾರ್ಡನ್ನು ಅದರ ಬಾಯಿಗೆ ತುರುಕಿ ಗುಟ್ಟಿನ ನಂಬರ್ ಒತ್ತಿದರೆ ಎಂಟು ಅಂಕಿ ತೋರಿಸುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಹೊಡೆದರೆ ಮಾತ್ರ ಕೋಣೆಯಲ್ಲೇ ಕೂತು ಊರಿಗೆ ದುಡ್ಡು ಕಳಿಸಬಹುದು. ಅಂಕೋಲೆಯ ಬ್ಯಾಂಕಿನಲ್ಲಿ ನನ್ನ ಸಹಿ ಸೊಟ್ಟಗಾದರೂ ಕ್ಯಾಶಿಯರು ಮುಖ ನೋಡಿ, ಕೇಣಿಯವನಲ್ಲವೇ ಎಂದು ಕೊಟ್ಟುಬಿಡುತ್ತಿದ್ದರು. ಇಲ್ಲಿ ಮುಖಕ್ಕೆ ಬೆಲೆ ಇಲ್ಲ.

ಸ್ಕಾಟ್ಲೆಂಡಿನ ಈ ಬಂದರಿನಲ್ಲಿ ಮೀನು ಕೊಯ್ಯುವ ಕಾರ್ಖಾನೆಯಲ್ಲಿದ್ದೇನೆ. ನಮ್ಮ ಕೇಣಿ ಮೀನುಗಾರರ ಊರು, ಕೊಯ್ಯುವುದನ್ನು ಯಾರೂ ಕಲಿಸಬೇಕಾಗಲಿಲ್ಲ. ಇಲ್ಲಿಯ ಮಾತೇ ತಲೆಗೆ ಹತ್ತಲಿಲ್ಲ.

ತಂಗಿ ಶಾಲಿನಿಗೆ ಕಾರವಾರದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಶುಕ್ರವಾರದೊಳಗೆ ಫೀ ಕಟ್ಟದಿದ್ದರೆ ಸೀಟು ಬೇರೆಯವರ ಪಾಲು. ಖಾತೆ ತೆರೆದ ದಿನ ಕಾರ್ಡನ್ನು ಕೈಗೇ ಕೊಟ್ಟಿದ್ದರು, ಅಂಚೆಯಲ್ಲಿ ಬರಬೇಕಿದ್ದ ಮಶೀನು ಮಾತ್ರ ಮೂರು ವಾರವಾದರೂ ಬಂದಿರಲಿಲ್ಲ. ನನ್ನ ಪಾಳಿ ಮುಗಿಯುವಷ್ಟರಲ್ಲಿ ಬ್ಯಾಂಕಿಗೆ ಬೀಗ. ಫೋನ್ ಮಾಡಿದರೆ ಬರೀ ಸಂಗೀತ. ಭಾನುವಾರ ಊರಿಗೆ, ನನ್ನ ಹೆತ್ತ ಆಯಿಗೆ ಫೋನ್ ಮಾಡಿದೆ.

"ಕ್ಯಾಲ್ಕ್ಯುಲೇಟರ್ ಕಳ್ಸಿದ್ಯಲಾ ತಮಾ," ಎಂದಳು. "ಕೂಡ್ಸೂಕೂ ಬರೂದಿಲ್ಲ, ಕಳ್ಯೂಕೂ ಬರೂದಿಲ್ಲ. ಯಾವ ಅಂಗಡ್ಯವ ಟೊಪ್ಪಿ ಹಾಕ್ದ ನಿಂಗೆ?"

ಆಗ ಗೊತ್ತಾಯಿತು. ಖಾತೆ ತೆರೆಯುವ ದಿನ ಬ್ಯಾಂಕಿನ ಹುಡುಗಿ 'ಫಾರ್ ಈಸ್ ಹೋಮ್' ಎಂದು ಕೇಳಿದ್ದಳು. ನನಗೆ ಗೊತ್ತಿದ್ದ ಫಾರ್ ಎಂದರೆ ದೂರ. ದೂರದ ಮನೆ ಕೇಳುತ್ತಿದ್ದಾಳೆಂದು ಕೇಣಿಯ ವಿಳಾಸ ಬರೆದುಕೊಟ್ಟೆ. ಈ ಊರಿನವರ ಬಾಯಲ್ಲಿ ಫಾರ್ ಎಂದರೆ 'ಎಲ್ಲಿ'!

ಸಿಟ್ಟಿಗೆ ಮೇಜು ಗುದ್ದಿದೆ. ನನ್ನ ಕೋಣೆಯಲ್ಲೇ ಇರುವ ಪೋಲೆಂಡಿನ ಮಾರೆಕ್ ವಿಷಯ ಕೇಳಿದ. ಎದ್ದು ಹೋಗಿ, ಸಕ್ಕರೆ ಡಬ್ಬಿಯ ಪಕ್ಕದಲ್ಲಿದ್ದ ತನ್ನ ಮಶೀನು ತಂದಿಟ್ಟ. ಅವನದೂ ಅದೇ ಬ್ಯಾಂಕು. ಮಶೀನು ಯಾರದ್ದಾದರೂ ನಡೆಯುತ್ತದೆ, ಕಾರ್ಡು ನಿನ್ನದಾದರೆ ಸಾಕು ಎಂದ. ಮೂರು ವಾರ ದಿನಾ ಚಾ ಮಾಡುವಾಗ ಅದನ್ನು ನೋಡಿದ್ದೆ. ಬೀಗಕ್ಕೊಂದು ಕೀಲಿ ಇದ್ದ ಹಾಗೆ ಅವನದು ಅವನಿಗೇ ಎಂದುಕೊಂಡು ಕೇಳಿರಲಿಲ್ಲ. ಬ್ಯಾಂಕಿನವರೂ ಒಂದು ಮಾತು ಹೇಳಿರಲಿಲ್ಲ.

ಅದಕ್ಕೆ ನನ್ನ ಕಾರ್ಡು ತುರುಕಿದೆ, ದುಡ್ಡು ಊರಿಗೆ ಹೋಯಿತು. ಗುರುವಾರ ಶಾಲಿನಿ ಫೀ ಕಟ್ಟಿದಳು.

ರಜೆಯ ದಿನ ವಿಳಾಸ ತಿದ್ದಿಸಲು ಬ್ಯಾಂಕಿಗೆ ಹೋದೆ. ಅದೇ ಹುಡುಗಿ, ಅದೇ ಪ್ರಶ್ನೆ. ಈ ಸಲ ಅರ್ಥವಾಯಿತು. ಆದರೂ ನಾಲಿಗೆಯ ತುದಿಗೆ ಮೊದಲು ಬಂದದ್ದು ಕೇಣಿಯೇ. ಕೊನೆಗೆ ಈ ಕೋಣೆಯ ನಂಬರ್ ಹೇಳಿದೆ.

ತಪ್ಪು ವಿಳಾಸ ಸರಿ ಮಾಡಿಸಿದೆ ಎಂದು ಆಯಿಗೆ ತಿಳಿಸಿದೆ.

"ತಪ್ಪು ಎಂತದಾ ಅದ್ರಲ್ಲಿ? ಅವ್ರು ಮನೆ ಕೇಳಿದ್ರು, ನೀ ಮನೆ ಹೇಳ್ದೆ."