ಗಂಗಕ್ಕನ ಜ್ವರದ ಹೆಸರು

ಸಿರಿಗೇರಿಯ ಗಂಗಕ್ಕ ಭತ್ತದ ನಾಟಿಗೆ ಇಳಿದರೆ ಅವಳ ಕೈಯ ವೇಗಕ್ಕೆ ಯಾರೂ ಸಮ ಬರುತ್ತಿರಲಿಲ್ಲ. ಹದಿನಾಲ್ಕು ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಐವತ್ತೆರಡು ವರ್ಷ, ಜೋರು ಬಾಯಿ, ಹತ್ತು ವರ್ಷದ ಸಕ್ಕರೆ ಕಾಯಿಲೆ. ಹಿಮ್ಮಡಿ ಒಡೆದು ರಕ್ತ ಬಂದರೂ ಅರಿಶಿನ ಒತ್ತಿಕೊಂಡು ಮತ್ತೆ ಕೆಸರಿಗೆ ಇಳಿಯುತ್ತಿದ್ದಳು.

ಆ ವರ್ಷ ನಾಟಿ ಮುಗಿಯುವ ಹೊತ್ತಿಗೆ ಜ್ವರ ಹಿಡಿಯಿತು. ಊರಲ್ಲಿ ಸೂಜಿ ಹಾಕುವ ವಿರೂಪಾಕ್ಷಪ್ಪ ಡಾಕ್ಟರಿಕೆ ಓದಿದವನಲ್ಲ, ಆದರೂ ಎಲ್ಲರ ಬಾಯಲ್ಲಿ ಡಾಕ್ಟರೇ. ಮೂರು ದಿನ ಒಂದು ಸೂಜಿ, ಮೂರು ದಿನ ಇನ್ನೊಂದು ಹಾಕಿದ. ಜ್ವರ ಇಳಿದು ಮತ್ತೆ ಏರಿತು, ಕೆಮ್ಮು ಜೊತೆಯಾಯಿತು. ಸಿರುಗುಪ್ಪದ ಖಾಸಗಿ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆದರು. ಕಫದಲ್ಲಿ ಏನೂ ಸಿಗದಿದ್ದರೂ ಟಿ.ಬಿ. ಇರಬೇಕೆಂದು ಮಾತ್ರೆ ಶುರು ಮಾಡಿದರು.

ಅಂದೇ ಸೊಸೆ ಮೀನಾ ಅತ್ತೆಯ ಹಾಸಿಗೆಯನ್ನು ದನದ ಕೊಟ್ಟಿಗೆಗೆ ಸಾಗಿಸಿದಳು. ಎರಡು ವರ್ಷದ ಮೊಮ್ಮಗಳು ಅಜ್ಜಿಯ ಕಡೆ ಓಡಿದರೆ ರಟ್ಟೆ ಹಿಡಿದು ಎಳೆದಳು.

"ಕೂಸಿನ್ನ ಮುಟ್ಟಬ್ಯಾಡ್ರಿ ಅತ್ತಿ. ದೂರದಿಂದನ ಮಾತಾಡ್ರಿ."

"ನಾನೇನು ಹುಚ್ಚು ನಾಯಿ ಏನಲೇ?" ಎಂದು ಗಂಗಕ್ಕ ಅರಚಿದಳು. ಮಗ ಹುಲುಗೇಶ ದನಗಳನ್ನು ಕೊಟ್ಟಿಗೆಯ ಇನ್ನೊಂದು ಮೂಲೆಗೆ ಕಟ್ಟಿದ. ಗುಂಪಿನ ಹೆಂಗಸರು ಆ ಓಣಿಗೆ ಬರುವುದನ್ನೇ ಬಿಟ್ಟರು.

ಎರಡು ತಿಂಗಳ ಮೇಲೆ ತೊಡೆಯಲ್ಲಿ ಕೀವು ತುಂಬಿ ಊದಿಕೊಂಡಿತು. ಹುಲುಗೇಶ ಬಳ್ಳಾರಿಗೆ ಕರೆದೊಯ್ದ. ಅಲ್ಲಿನ ಲ್ಯಾಬಿನಲ್ಲಿ ಕೀವನ್ನು ಗಾಜಿನ ತಟ್ಟೆಯಲ್ಲಿಟ್ಟಾಗ ಬೆಳೆದ ಬ್ಯಾಕ್ಟೀರಿಯಾ ನೋಡಿ ಹಿರಿಯ ಡಾಕ್ಟರೊಬ್ಬರು, "ಇದು ರೋಗಿಯದಲ್ಲ, ಹೊರಗಿನಿಂದ ತಟ್ಟೆಗೆ ಸೇರಿದ್ದು, ಬಿಸಾಕು" ಎಂದರು. ಟೆಕ್ನಿಷಿಯನ್ ಶಾಂಭವಿ ಬಿಸಾಕಲಿಲ್ಲ. ರೋಗಾಣು ಕೊಲ್ಲುವ ಜೆಂಟಾಮೈಸಿನ್ ಔಷಧ ಹಾಕಿದರೂ ಅದು ಸಾಯದೆ ಬೆಳೆದಿತ್ತು. ನಾಲ್ಕನೇ ದಿನ ತಟ್ಟೆಯ ಮೇಲಿನ ಚುಕ್ಕೆಗಳು ಒಣಗಿದ ಹೂವಿನ ಹಾಗೆ ಸುಕ್ಕುಗಟ್ಟಿದವು. ಇನ್ನೂ ಪರೀಕ್ಷಿಸಿದಾಗ ಹೆಸರು ಸಿಕ್ಕಿತು: ಮೆಲಿಯಾಯ್ಡೋಸಿಸ್. ಗದ್ದೆಯ ಕೆಸರಲ್ಲಿದ್ದು, ಸಕ್ಕರೆ ಕಾಯಿಲೆಯವರ ಗಾಯದೊಳಗೆ ನುಗ್ಗುವ ರೋಗಾಣುವಿನಿಂದ ಬರುವ ಕಾಯಿಲೆ.

ಶಾಂಭವಿ ತಾನೇ ವಾರ್ಡಿಗೆ ಬಂದಳು. "ಇದು ಟಿ.ಬಿ. ಅಲ್ರೀ. ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲ. ಮೊಮ್ಮಗಳನ್ನ ಕರ್ಕೊಂಡು ಬರ್ರಿ."

ಅತ್ತೆಯನ್ನು ನೋಡಲು ಬಂದಿದ್ದ ಮೀನಾ ಕೇಳಿಸಿಕೊಂಡಳು. ಕೂಸನ್ನು ಕರೆತರಲಿಲ್ಲ.

ಸರಿಯಾದ ಔಷಧ ಎರಡು ವಾರ ರಕ್ತನಾಳದಲ್ಲಿ ಹರಿದ ಮೇಲೆ ಜ್ವರ ಬಿಟ್ಟಿತು. ಗಂಗಕ್ಕ ಎದ್ದು ಕೂತು ಮುದ್ದೆ ಕೇಳಿದಳು, ನರ್ಸನ್ನು ಬೈದಳು. ಇನ್ನು ಮೂರು ತಿಂಗಳು ಒಂದು ದಿನವೂ ಮಾತ್ರೆ ತಪ್ಪಿಸಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು.

ಮನೆಯಲ್ಲಿ ಹಾಸಿಗೆ ಕೊಟ್ಟಿಗೆಯಲ್ಲೇ ಇತ್ತು. ಮಾತ್ರೆ ನುಂಗಿದರೆ ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. ಇಪ್ಪತ್ತನೇ ದಿನ ವಿರೂಪಾಕ್ಷಪ್ಪ ಬಂದು ನೋಡಿದ.

"ಜ್ವರ ಹೋಗೇತಿ, ಇನ್ಯಾಕ ಈ ವಿಷ ತಿಂತಿ? ಬಿಡಕ್ಕ."

ಬಿಟ್ಟಳು. ತಿಂಗಳೊಳಗೆ ಜ್ವರ ಮರಳಿತು. ಅವನು ಐದು ದಿನ ಜೆಂಟಾಮೈಸಿನ್ ಸೂಜಿಯನ್ನೇ ಚುಚ್ಚಿದ. ಆರನೇ ದಿನ ಉಸಿರು ಕಟ್ಟತೊಡಗಿದಾಗ ಆಟೋದಲ್ಲಿ ಹೊರಟರು. ಕುರುಗೋಡು ದಾಟುವಷ್ಟರಲ್ಲಿ ಮಾತು ನಿಂತಿತು. ಬಳ್ಳಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ತೆಗೆದುಕೊಂಡ ಎರಡು ಗಂಟೆಯೊಳಗೆ ಗಂಗಕ್ಕ ತೀರಿಕೊಂಡಳು.

ಆ ರಕ್ತದಲ್ಲೂ ಅದೇ ರೋಗಾಣು ಬೆಳೆದದ್ದನ್ನು ಕಂಡು ಶಾಂಭವಿ ಹುಲುಗೇಶನಿಗೆ ಫೋನ್ ಮಾಡಿದಳು. ಇದಕ್ಕೆ ಜೆಂಟಾಮೈಸಿನ್ ನಾಟುವುದಿಲ್ಲವೆಂದು ಊರಿನ ಡಾಕ್ಟರಿಗೆ ತಿಳಿಸಿ ಎಂದಳು.

"ಅವ್ರೇ ಮುಂದ ನಿಂತು ಅವ್ವನ್ನ ಮಣ್ಣು ಮಾಡಿಸಿದ್ರು ಮೇಡಂ," ಎಂದ ಹುಲುಗೇಶ. "ಅವ್ರಿಗೆ ನಾ ಏನಂತ ಹೇಳ್ಲಿ?"