ನಾಲ್ಕು ಮನೆಗೊಂದು ಮೂಗು

ದೊಡ್ಡ ಯುದ್ಧ ಮುಗಿದ ಮೇಲಿನ ಮಾತು. ಒಂಟಿಕೊಪ್ಪಲಿನಲ್ಲಿ ಊದುಬತ್ತಿ ಮಾಡುತ್ತಿದ್ದ ನಾಲ್ಕು ಮನೆಯವರು ಒಬ್ಬರ ಕಾಲು ಒಬ್ಬರು ಎಳೆದು ಸುಸ್ತಾಗಿ, ಕೊನೆಗೆ ಎಲ್ಲರ ಮಾಲಿಗೂ ಒಂದೇ ಹೆಸರಿನ ಚೀಟಿ ಅಂಟಿಸಿ ಮಾರುವುದೆಂದು ಒಪ್ಪಿಕೊಂಡರು. ಆ ಒಪ್ಪಂದ ನಡೆಸುವ ಹೊಣೆ ನನ್ನ ತಲೆಗೆ ಬಂತು. ನನಗೆ ಸ್ವಂತ ಕಾರ್ಖಾನೆ ಇರಲಿಲ್ಲ, ಮೂಗು ಚುರುಕಾಗಿತ್ತು. ಇವೆರಡೇ ನನ್ನ ಅರ್ಹತೆ. ಪ್ರತಿ ಶನಿವಾರ ನಾಲ್ವರೂ ತಂತಮ್ಮ ಕಂತೆ ತರುತ್ತಿದ್ದರು. ನಾನು ಒಂದೊಂದು ಕಡ್ಡಿ ಹಚ್ಚಿ ಮೂಸಿ, ಹೂಂ ಎಂದರಷ್ಟೇ ಚೀಟಿ.

ಒಂದು ಚಳಿಗಾಲ ಜ್ವರ ಬಂದು ಮಲಗಿದೆ. ಎದ್ದಾಗ ಸಾರಿಗೂ ನೀರಿಗೂ ವ್ಯತ್ಯಾಸ ತಿಳಿಯಲಿಲ್ಲ. ಮೂಗು ಸತ್ತಿತ್ತು. ಯಾರಿಗೂ ಹೇಳಲಿಲ್ಲ. ಒಪ್ಪಂದ ಮುರಿದುಬೀಳುತ್ತದೆಂಬುದು ನಾನು ಹೂಡಿಕೊಂಡ ನೆಪ; ನನ್ನ ದೊಡ್ಡಸ್ತಿಕೆ ಹೋಗುತ್ತದೆಂಬುದೇ ನಿಜವಾದ ಭಯ. ಕಡ್ಡಿ ಹಚ್ಚಿ, ಕಣ್ಣು ಮುಚ್ಚಿ, ಎಲ್ಲಕ್ಕೂ ಹೂಂ ಎನ್ನುತ್ತ ಹೋದೆ.

ಎರಡು ತಿಂಗಳಲ್ಲಿ ಗೊಣಗಾಟ ಶುರುವಾಯಿತು. ತಂದದ್ದನ್ನೆಲ್ಲ ಒಪ್ಪುವುದಾದರೆ ಇವರೇಕೆ ಬೇಕು ಎಂದು ಒಬ್ಬರು ನಗುತ್ತಲೇ ಕೇಳಿದರು. ಮುಂದಿನ ಶನಿವಾರ ಒಂದನ್ನಾದರೂ ಬೇಡವೆನ್ನಲೇಬೇಕಿತ್ತು. ಜಗಳಕ್ಕೆ ಬಾರದವರು ಯಾರೆಂದು ನೋಡಿದೆ. ನಾಲ್ವರಲ್ಲಿ ಹಿರಿಯರು, ಹಳ್ಳಿಯಿಂದ ಬಂದು ಮೂವತ್ತು ವರ್ಷ ಗಂಧದೆಣ್ಣೆ ತಾವೇ ಬೆರೆಸಿದವರು ಸಿಕ್ಕರು. ಅವರ ಕಂತೆ ಪಕ್ಕಕ್ಕಿಟ್ಟು, ಹದ ತಪ್ಪಿದೆ ಎಂದೆ.

ಅವರು ವಾದಿಸಲಿಲ್ಲ. ಕಡ್ಡಿಯನ್ನು ತಾವೂ ಮೂಸಿ ನೋಡಿದರು.

"ನಂಗೇನೋ ಸರಿಯಾಗೇ ಕಾಣ್ತದೆ ಸ್ವಾಮಿ. ಆದ್ರೆ ನಿಮ್ಮ ಮೂಗು ಸುಳ್ಳೇಳಾಕಿಲ್ಲ. ನಂಗೇ ವಯಸ್ಸಾಗೋಯ್ತು ಬುಡಿ" ಎಂದರು.

ಅಂದಿನಿಂದ ಅವರು ಎಣ್ಣೆ ಮುಟ್ಟಲಿಲ್ಲ. ಬೆರೆಸುವ ಕೆಲಸ ಅಳಿಯನಿಗೆ ಬಿಟ್ಟು, ಜಗಲಿಯಲ್ಲಿ ಬಿದಿರು ಸೀಳುತ್ತ ಕೂತರು. ನಾಚಿಕೆಯಿಂದ ನಾನು ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟೆ.

ಬೇಸಿಗೆಯ ಒಂದು ಬೆಳಿಗ್ಗೆ ಕಾಫಿಯ ವಾಸನೆ ಥಟ್ಟನೆ ಮೂಗಿಗೆ ಬಡಿಯಿತು. ಲೋಟ ಮುಟ್ಟದೆ ಎದ್ದು, ಅಂದಿನಿಂದ ಮೂಲೆಯಲ್ಲೇ ಬಿದ್ದಿದ್ದ ಆ ಹಿರಿಯರ ಕಂತೆಯಿಂದ ಕಡ್ಡಿ ತೆಗೆದು ಹಚ್ಚಿದೆ. ಅಂಥ ಹದ ಉಳಿದ ಮೂವರಿಗೆ ಯಾವತ್ತೂ ಒಲಿದಿರಲಿಲ್ಲ.

ಶನಿವಾರ ಎಲ್ಲವನ್ನೂ ಹೇಳಿಬಿಡುವುದೆಂದು ಕೂತಿದ್ದೆ. ಅಳಿಯ ಮಾಡಿದ ಕಂತೆಯನ್ನು ಹಿರಿಯರೇ ತಂದರು. ಹಚ್ಚಿದೆ. ಗಂಧಕ್ಕಿಂತ ಇದ್ದಿಲ ಹೊಗೆಯೇ ಮುಂದಾಗಿತ್ತು.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ನಂಗೆ ಸಪ್ಪೆ ಅನ್ನಿಸ್ತದೆ ಸ್ವಾಮಿ. ನೀವೇ ನೋಡಿ."

ಉಳಿದ ಮೂವರೂ ಕಾಯುತ್ತಿದ್ದರು. ಸಪ್ಪೆಯೆಂದು ಒಪ್ಪಿದರೆ ಅವರ ಮೂಗೇ ಸರಿ, ಅಂದು ತಪ್ಪಿದ್ದು ನನ್ನದೆಂದು ಎಲ್ಲರಿಗೂ ತಿಳಿಯುತ್ತಿತ್ತು. ಹೂಂ, ಚೆನ್ನಾಗಿದೆ ಎಂದೆ. ಅವರು ತಲೆ ತಗ್ಗಿಸಿ ಚೀಟಿಗೆ ಅಂಟು ಸವರತೊಡಗಿದರು.