ಬೇಕಂತ ಬೀಳುವ ಹುಡುಗಿ

ಮೊಮ್ಮಗಳು ಭಾಗ್ಯಾಳ ಬಲಗೈ ಅಂದು ಸಂಜೆ ರೊಟ್ಟಿ ಮುರಿಯಲಿಲ್ಲ.

ಕನ್ನೊಳ್ಳಿಯಿಂದ ಸಿಂದಗಿಯ ಸಾಲಿಗೆ ಓದಲು ಹೋಗುವ ಹುಡುಗಿ. ಅಲ್ಲಿ ಜೂಡೋ ಕಲಿಯುತ್ತಿದ್ದಳು. ಜೂಡೋ ಅಂದರೆ ಇನ್ನೊಬ್ಬರನ್ನು ಕೆಡವುವುದು, ನಮಗೆ ಗೊತ್ತಿದ್ದುದು ಅಷ್ಟೇ. ಕೇಳಿದರೆ "ಬಿದ್ದೆ" ಅಂದಳು. ಹೆಗಲು ಬಾತಿತ್ತು.

ಮರುದಿನ ನಾನು, ಸೊಸೆ ಶಾಂತವ್ವ ಅವಳನ್ನು ದವಾಖಾನೆಗೆ ಕರೆದೊಯ್ದೆವು. ಹುಡುಗಿ ಎಕ್ಸ್‌ರೇಗೆ ಒಳಗೆ ಹೋದಳು. ಡಾಕ್ಟರು ಸೊಸೆಯನ್ನು ಕೇಳಿದರು.

"ಯಾರರೆ ನೂಕಿದ್ರೇನು?"

"ಇಲ್ರಿ. ತಾನ ಬೀಳ್ತಾಳ್ರಿ. ಮನ್ಯಾಗೂ ದಿನಾ ಬೀಳ್ತಾಳ."

"ಬಿದ್ದಾಗ ಕೈಕಾಲು ಬಡೀತಾಳೇನು?"

"ಕೈ ಬಡೀತಾಳ್ರಿ, ಪಟ್ ಅಂತ."

ಡಾಕ್ಟರು ಪೆನ್ನು ಕೆಳಗಿಟ್ಟರು. ಎಕ್ಸ್‌ರೇ ಬಂದ ಮೇಲೆ ನಮ್ಮಿಬ್ಬರನ್ನೇ ಕರೆದು, ಕಾಲರ್ ಬೋನ್ ಮುರಿದಿದೆ, ಅದು ಕೂಡುತ್ತದೆ, ಆದರೆ ಫಿಟ್ಸ್ ಇರಬಹುದು, ವಿಜಾಪುರಕ್ಕೆ ಹೋಗಿ ತಲೆಯ ಇಇಜಿ ಪರೀಕ್ಷೆ ಮಾಡಿಸಿ ಅಂದರು.

ಫಿಟ್ಸ್ ಅಂದರೆ ಬೀಳುವ ಬೇನೆ.

ಹೊಲದಲ್ಲಿ, ಬಾವಿ ದಂಡೆಯಲ್ಲಿ, ಒಲೆಯ ಮುಂದೆ, ಎಲ್ಲಿ ಬಂದರೂ ಬರುವ ಬೇನೆ ಅದು. ಹುಡುಗಿ ನಗುತ್ತ ಹಾಸಿದ ಕೌದಿಯ ಮೇಲೆ ಧಪ್ಪನೆ ಬೀಳುವುದನ್ನು ಇಷ್ಟು ದಿನ ಹುಚ್ಚಾಟವೆಂದು ನೋಡಿದ್ದೆವಲ್ಲ, ನಮ್ಮ ಕಣ್ಣೆದುರೇ ಬೇನೆ ಬೆಳೆಯಿತೇ ಅನ್ನಿಸಿತು. ಅವಳಿಗೆ ಹೇಳಲಿಲ್ಲ. ನೀರಿಗೆ ಎದ್ದರೂ ಸೊಸೆ ಹಿಂದೆ ಹೋಗುತ್ತಿದ್ದಳು.

ವಿಜಾಪುರದ ಬಸ್ಸಿನಲ್ಲಿ ಸೊಸೆ ಅವಳ ಎಡಗೈಗೆ ಕಬ್ಬಿಣದ ಕೀಲಿಕೈ ತುರುಕಿದಳು. ಕಬ್ಬಿಣ ಹಿಡಿದರೆ ಆ ಬೇನೆ ಬಿಡುತ್ತದೆ ಅನ್ನುತ್ತಾರೆ ನಮ್ಮ ಕಡೆ.

"ಯವ್ವಾ, ಇದ್ಯಾಕ? ಬಸ್ಸಿನ ಕೀಲಿ ತೆಗೀಬೇಕೇನು?"

"ಸುಮ್ಮ ಹಿಡ್ಕೊ."

ನನಗೆ ತಡೆಯಲಾಗಲಿಲ್ಲ. "ನಿನಗ ಬೀಳೂ ಬ್ಯಾನಿ ಐತಂತ" ಅಂದೆ.

ಹುಡುಗಿ ನಕ್ಕಳು. ಹೆಗಲು ನೊಂದು ನಗು ನಿಲ್ಲಿಸಿದಳು.

"ಆಯಿ, ನಾ ಬೇಕಂತ ಬೀಳ್ತೇನಿ, ಅದು ಜೂಡೋದ ಪಟ್ಟು, ಮನ್ಯಾಗ ರೂಢಿ ಮಾಡ್ತೇನಿ. ಎದುರಿನಾಕಿ ಅಂಗಿ ಗಟ್ಟಿ ಹಿಡದು ನಾ ಮೊದಲ ಮಗ್ಗಲಾಗಿ ಬೀಳಬೇಕು. ಆ ಜಗ್ಗಾಟಕ್ಕ ಆಕಿ ಹಾರಿ ಆಚಿ ಬೀಳ್ತಾಳ. ಅವತ್ತ ಹಾರಲಿಲ್ಲ, ನನ್ನ ಹೆಗಲ ಮ್ಯಾಲೇ ಬಿದ್ಲು."

"ಮತ್ತ ಕೈ ಬಡಿಯೂದು?" ಸೊಸೆ ಕೇಳಿದಳು.

"ನೆಲಾ ಬಡದ್ರ ಪೆಟ್ಟು ಕೈಗೆ ಹೋಗತೈತಿ, ತಲಿಗೆ ಹತ್ತಂಗಿಲ್ಲ."

"ತಾನು ಬಿದ್ದು ಮಂದೀನ ಕೆಡವೂದು ಎಂಥಾ ಶಾಣ್ಯಾತನ?" ಅಂದೆ. ನಾನು ಪೂರ್ತಿ ನಂಬಲಿಲ್ಲ. ಬೇನೆ ಇದ್ದವರೂ ಇಲ್ಲ ಅನ್ನುತ್ತಾರೆ.

ವಿಜಾಪುರದಲ್ಲಿ ಅವಳ ತಲೆಗೆಲ್ಲ ವಾಯರು ಅಂಟಿಸಿದರು. ಕಣ್ಣು ಮುಚ್ಚಿ ಮಲಗಿದ ಹುಡುಗಿ ಅಲುಗಿದಾಗೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ದೊಡ್ಡ ಡಾಕ್ಟರು ಕಾಗದ ನೋಡಿದರು, ಬೀಳುವ ಸಂಗತಿಯನ್ನು ಹುಡುಗಿಯ ಬಾಯಿಂದಲೇ ಕೇಳಿದರು, ಬಿದ್ದು ಎದ್ದ ಮೇಲೆ ಎಲ್ಲ ನೆನಪಿರುತ್ತದೆಯೇ ಅಂತ ಕೆದಕಿದರು.

"ಫಿಟ್ಸ್ ಇಲ್ಲ."

ಸೊಸೆ ಅಲ್ಲೇ ಬೆಂಚಿನ ಮೇಲೆ ಕುಸಿದು ಕುಳಿತು ಮಗಳನ್ನು ಬೈಯತೊಡಗಿದಳು. "ಮೊದ್ಲ ಹೇಳಾಕ ಏನಾಗಿತ್ತು ನಿನಗ?"

"ನೀ ಕೇಳಿದಿ ಏನು?"

ಎಲುಬು ಕೂಡಿದೆ. ಚೂರು ಉಬ್ಬು ಉಳಿದಿದೆ. ಮತ್ತೆ ಜೂಡೋಗೆ ಹೋಗುತ್ತಾಳೆ, ನಾನು ಬೇಡ ಅನ್ನಲಿಲ್ಲ. ರೊಟ್ಟಿ ತಟ್ಟುವಾಗ ಒಳಗೆ ಧಪ್ಪೆಂದು ಸಪ್ಪಳವಾದರೆ ಈಗಲೂ ಅವಳನ್ನು ಕೂಗುತ್ತೇನೆ. ಅವಳು ಓ ಅನ್ನುವ ತನಕ ನನ್ನ ಕೈ ಹಿಟ್ಟಿನಲ್ಲೇ ನಿಂತಿರುತ್ತದೆ.